ಜಹಾಜ್ ಸ್ಟ್ಯಾಂಡಿಗೆ ದಾರಿ ಹೇಳುವ ಬಾಂದ್ರಾ ಮಂಗಲಾ

ಗಡಿಯಾಚೆ ಮಹಾರಾಷ್ಟ್ರದ ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಈಗಷ್ಟೇ ನಸುಕು ಹರಿಯುತ್ತಿದೆ. ಮಿರಜ್ ಬಸ್ಸು ಇನ್ನೂ ಬಂದು ನಿಂತಿಲ್ಲ. ಚಹಾದಂಗಡಿಯ ಪಕ್ಕ ಹತ್ತು ಜನ ಹೆಣ್ಣುಮಕ್ಕಳು ತಮ್ಮ ತಮ್ಮ ಚೀಲ ಕಾಲಬುಡದಲ್ಲಿಟ್ಟುಕೊಂಡು ಸಾಲಾಗಿ ಕುಳಿತಿದ್ದಾರೆ. ಅವರೆದುರು ಸೀರೆಯ ಮೇಲೆ ಗಂಡನ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬರು ಸಾಲಿ ಕಲಿಸುವ ಬಾಯಾರ ಹಾಗೆ ನಿಂತು ಪಾಠ ಒಪ್ಪಿಸಿಕೊಳ್ಳುತ್ತಿದ್ದಾರೆ.

"ಮುಂಬೈದಾಗ ಟ್ಯಾಕ್ಸಿಯಂವ ಎಲ್ಲಿಗೆ ಅಂತ ಕೇಳಿದ್ರ ಏನ್ ಹೇಳ್ತೀರಿ?"

"ಪಾನಿವಾಲಾ ಜಹಾಜ್ ಸ್ಟ್ಯಾಂಡ್," ಅನ್ನುತ್ತವೆ ಹತ್ತು ಬಾಯಿ.

"ಬರೇ ಜಹಾಜ್ ಅಂದ್ರ?"

"ಇಮಾನದ ಕಡಿ ಒಯ್ತಾನ."

"ಮತ್ತ ಬಂದರ ಅಂದ್ರ?"

ಈ ಪ್ರಶ್ನೆಗೆ ಎಲ್ಲರೂ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಪಾಠ ಹೇಳುವವರೂ ನಗುತ್ತಾರೆ. ಇವರೇ ಮಂಗಲಾ. ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿಯ ಅರ್ಧ ಭಾಗದಲ್ಲಿ ಕುಳಿತು, ಸಮುದ್ರವನ್ನು ಕಂಡಿರದ ಊರುಗಳ ಜನರನ್ನು ಮುಂಬೈನ ಪ್ರವಾಸಿ ಹಡಗು ಹತ್ತಿಸಿ ಕಳಿಸುವುದು ಇವರ ಕಸುಬು. ಜತ್ತದ ಮಂದಿ ಇವರನ್ನು ಕರೆಯುವುದು ಬಾಂದ್ರಾ ಮಂಗಲಾ ಅಂತ. ಆ ಹೆಸರು ಬಂದದ್ದು ಯಾವ ಸನ್ಮಾನದಿಂದಲೂ ಅಲ್ಲ. ಅದನ್ನು ಅವರೇ ಹೇಳಿದ್ದಾರೆ, ಮುಂದೆ ಬರುತ್ತದೆ.

ಸಾಲಿನ ಕೊನೆಯಲ್ಲಿ ಕುಳಿತವರು ಸನಮಡಿಯ ಹಾಲವ್ವ. ವಯಸ್ಸು ಕೇಳಿದರೆ "ಟಿಕೀಟ್ ಮಾಫಿ ಆಗುವಷ್ಟು" ಅನ್ನುತ್ತಾರೆ. ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು, ಎಪ್ಪತ್ತೈದು ದಾಟಿದವರಿಗೆ ಅದೂ ಇಲ್ಲ. ಜೀವಮಾನವಿಡೀ ಕುರಿಯ ಹಿಂದೆ ನಡೆದ ಈ ಅಜ್ಜಿಗೆ ಹಡಗಿನ ಹುಚ್ಚು ಹತ್ತಿದ್ದು ಹೇಗೆ ಎಂದು ಕೇಳಿದೆ.

"ಮಂಗಲಾ ಹೇಳಿದ್ಲು, ಹಡಗದಾಗ ಹಾಸಿಗಿ ಇರ್ತೈತಿ, ಅಡಗಿ ಮನಿ ಇರ್ತೈತಿ, ಎಲ್ಲಾ ಕಟಗೊಂಡs ಅದು ಹೋಗತೈತಿ ಅಂತ. ನಾ ಹುಟ್ಟಿದಾಗಿಂದ ಮನಿ ಕುದರಿ ಮ್ಯಾಲ ಹೇರಿ ನಡದೀನ್ರಿ. ಒಂದ್ ಸಲ ಮನಿ ನಡೀಲಿ, ನಾ ಕುಂದ್ರತೀನಿ."

ಬಸ್ಸು ಬಂದು ನಿಲ್ಲುತ್ತದೆ. ಹಾಲವ್ವ ಸೊಂಟದ ಸಂಚಿ ಬಿಚ್ಚಿ ಬೀರದೇವರ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಚಿಟಿಕೆ ತೆಗೆದು ಬಸ್ಸಿನ ಮೂತಿಗೆ ಹಚ್ಚುತ್ತಾರೆ. ಮಂಗಲಾ ಅವರ ಹಣೆಗೂ ಹಚ್ಚುತ್ತಾರೆ. ನನ್ನ ಹಣೆಯನ್ನೂ ಬಿಡುವುದಿಲ್ಲ. ಕಂಡಕ್ಟರ್ ಗಂಟೆ ಹೊಡೆದ ಮೇಲೂ ಮಂಗಲಾ ಕಿಟಕಿ ಹಿಡಿದುಕೊಂಡು ಓಡುತ್ತಾರೆ. "ಆಯಿ, ಮಿರಜ್‌ದಾಗ ರುಕ್ಮವ್ವನ ಕೈ ಬಿಡಬ್ಯಾಡ," ಎಂದು ಹಾಲವ್ವನಿಗೆ ಹೇಳುತ್ತಾರೆ. ರುಕ್ಮವ್ವ ವಳಸಂಗದವರು, ಈ ಹೆಣ್ಣುಮಕ್ಕಳ ಬಚತ ಗಟದ, ಅಂದರೆ ಉಳಿತಾಯ ಸಂಘದ, ಮುಂದಾಳು. ಹೋದ ವರ್ಷವೇ ಹಡಗು ಕಂಡು ಬಂದವರು, ಹಾಗಾಗಿ ಫೋನೂ ಟಿಕೀಟುಗಳೂ ಅವರ ಬಳಿಯೇ ಇವೆ.

ಬಸ್ಸು ಹೋದ ಮೇಲೆ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಅರ್ಧಕ್ಕೆ ಝೆರಾಕ್ಸ್ ಯಂತ್ರ ಮತ್ತು ಗಂಡ ತುಕಾರಾಮ, ಇನ್ನರ್ಧಕ್ಕೆ ಒಂದು ಕಂಪ್ಯೂಟರ್ ಮತ್ತು ಮಂಗಲಾ. ತುಕಾರಾಮ ಮೊದಲು ಜೀಪು ಓಡಿಸುತ್ತಿದ್ದರು. ಬೆನ್ನು ಕೈಕೊಟ್ಟ ಮೇಲೆ ಜೀಪು ಹೋಯಿತು, ಝೆರಾಕ್ಸ್ ಯಂತ್ರ ಬಂತು. ಮಂಗಲಾ ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ ಕಲಿತವರು, ಹನ್ನೆರಡನೆಯ ಇಯತ್ತೆಯ ತನಕ. ರೈಲು ಟಿಕೀಟು ತೆಗೆದುಕೊಡುವುದರಿಂದ ಶುರು ಮಾಡಿದರು. ಕರೋನಾ ಬಂದಾಗ ಪ್ರಯಾಣವೇ ನಿಂತಿತು. ಅಂಗಡಿಯಲ್ಲೇ ಹೊಲಿಗೆ ಯಂತ್ರ ಇಟ್ಟು ಮಾಸ್ಕ್ ಹೊಲಿದರು. "ಊರಿನ ಮಾರೀನೆಲ್ಲಾ ಮುಚ್ಚಿದ್ವಿ ಸರ್, ಹೊಟ್ಟಿ ನಡೀತು," ಅನ್ನುತ್ತಾರೆ. ದುಃಖವನ್ನು ಬೆಳೆಸಿ ಹೇಳುವ ಅಭ್ಯಾಸ ಅವರಿಗಿಲ್ಲ.

ಹಡಗಿನ ಕೆಲಸ ಬಂದದ್ದು ಒಬ್ಬ ನಿವೃತ್ತ ಮಾಸ್ತರರಿಂದ. ಹೆಂಡತಿಗೆ ಹಡಗು ತೋರಿಸಬೇಕು, ಯಾವುದು ಚಲೋ, ಹೇಗೆ ಹೋಗಬೇಕು ಎಂದು ಅವರು ಕೇಳಿದರು. ಮಂಗಲಾ ಹಡಗಿನ ಕಂಪನಿಗಳಿಗೆ ಫೋನ್ ಹಚ್ಚಿದರು. ಅತ್ತ ಕಡೆಯವರು ಇಂಗ್ಲಿಷ್ ಶುರು ಮಾಡಿದರೆ ಇಟ್ಟುಬಿಡುತ್ತಿದ್ದರು, ಮತ್ತೆ ಹಚ್ಚುತ್ತಿದ್ದರು. ಕೊನೆಗೆ ಮರಾಠಿ ಬಲ್ಲ ಒಬ್ಬ ಹುಡುಗಿ ಸಿಕ್ಕಳು. ಆ ಮಾಸ್ತರರು ಹೋಗಿ ಬಂದು ಫೋಟೋ ತೋರಿಸಿದ್ದೇ ತಡ, ದಾಳಿಂಬೆ ಬೆಳೆದವರು, ಒಣದ್ರಾಕ್ಷಿ ವ್ಯಾಪಾರದವರು, ಬಚತ ಗಟದವರು, ಒಬ್ಬೊಬ್ಬರಾಗಿ ಅಂಗಡಿಯ ಮೆಟ್ಟಿಲು ಹತ್ತಿದರು.

ಹಡಗನ್ನು ಹಡಗಿಗೆ ಹೋಲಿಸುವ ಅವರ ರೀತಿಯೇ ಬೇರೆ. ಕಂಪನಿಯವರು ಕಳಿಸುವ ಚಿತ್ರಗಳಲ್ಲಿ ಈಜುಕೊಳ, ಕುಣಿತ, ಬಣ್ಣದ ದೀಪ. ಮಂಗಲಾ ಅವನ್ನು ಸರಸರನೆ ದಾಟಿ, ಊಟ ಟಿಕೀಟಿನಲ್ಲಿ ಬಂತೇ, ಶಾಕಾಹಾರಕ್ಕೆ ಬೇರೆ ಅಡುಗೆ ಮನೆ ಇದೆಯೇ, ಮೇಲೆ ಹೋಗಲು ಲಿಫ್ಟ್ ಎಲ್ಲಿದೆ ಎಂದು ಹುಡುಕುತ್ತಾರೆ. ಬಂದರಿನ ತೆರಿಗೆ ಮತ್ತು ಬಕ್ಷೀಸು ಟಿಕೀಟಿನ ಒಳಗೋ ಹೊರಗೋ ಎಂದು ಫೋನಿನಲ್ಲಿ ಕೆದಕಿ ಕೆದಕಿ ಕೇಳುತ್ತಾರೆ. "ನಮ್ಮಪ್ಪ ಸಂತ್ಯಾಗ ಟಗರಿನ ಕೋಡಿಗೆ ಬಣ್ಣ ಹಚ್ಚಿದ್ದು ನೋಡತಿದ್ದಿಲ್ರಿ. ಮೊದಲ ಬಾಯಿ ತಗದು ಹಲ್ಲು ನೋಡತಿದ್ದ. ನಾನೂ ಹಡಗದ ಹಲ್ಲು ನೋಡತೀನಿ."

ಅವರ ನಿಜವಾದ ಚಾತುರ್ಯ ಇರುವುದು ಹಡಗಿನ ತನಕ ಮುಟ್ಟಿಸುವುದರಲ್ಲಿ. ಗೋವೆಯಿಂದ ಹೊರಡುವ ಹಡಗು ಒಮ್ಮೊಮ್ಮೆ ಸೋವಿ ಕಾಣುತ್ತದೆ. ಆದರೆ ಅಲ್ಲಿಗೆ ಹೋಗಲು, ಹಡಗು ಹತ್ತುವ ಮುಂಚೆ ತಂಗಲು ಎಷ್ಟು ಖರ್ಚು ಎಂದು ಕೂಡಿಸಿದರೆ ಮುಂಬೈಯೇ ಮೇಲು. ಮುಂಬೈಗೂ ಟ್ಯಾಕ್ಸಿ ಮಾಡಿಕೊಂಡು ಹೋದರೆ ಹಡಗಿನ ಲಾಭವನ್ನು ರಸ್ತೆ ತಿಂದುಬಿಡುತ್ತದೆ. ಅದಕ್ಕೆ ಅವರು ಹಾಕಿದ ದಾರಿ ಹೀಗಿದೆ: ನಸುಕಿನ ಬಸ್ಸಿಗೆ ಮಿರಜ್, ಅಲ್ಲಿಂದ ಹಗಲು ರೈಲು, ಮುಂಬೈನಲ್ಲಿ ಸಮಾಜದವರ ಧರ್ಮಶಾಲೆಯಲ್ಲಿ ವಸತಿ, ಮರುದಿನ ಹಡಗು. ಹಡಗು ಹೊರಡುವ ದಿನವೇ ಮುಂಬೈ ಮುಟ್ಟುತ್ತೇವೆ ಅನ್ನುವವರಿಗೆ ಅವರು ಟಿಕೀಟನ್ನೇ ಮಾಡಿಕೊಡುವುದಿಲ್ಲ.

ಈ ಹಟಕ್ಕೆ ಕಾರಣವೇ ಬಾಂದ್ರಾ.

ಮೂರು ವರ್ಷದ ಹಿಂದೆ ಮೊದಲ ಸಲ ಬಚತ ಗಟದ ಆರು ಹೆಣ್ಣುಮಕ್ಕಳನ್ನು ಮಂಗಲಾ ಕಳಿಸಿದ್ದರು. ಹಾಲವ್ವ, ರುಕ್ಮವ್ವ ಇಬ್ಬರೂ ಅದರಲ್ಲಿದ್ದರು. ಆಗ ರೈಲಲ್ಲ, ಖಾಸಗಿ ಬಸ್ಸು. ಬೆಳಿಗ್ಗೆ ಇಳಿದು ಮಧ್ಯಾಹ್ನ ಹಡಗು ಹತ್ತುವ ಲೆಕ್ಕ. "ಬಂದರ ಅಂತ ಹೇಳ್ರಿ ಸಾಕು" ಎಂದು ಇವರು ಹೇಳಿಕೊಟ್ಟಿದ್ದರು. ಕನ್ನಡದಲ್ಲಿ ಬಂದರು, ಮರಾಠಿಯಲ್ಲೂ ಬಂದರ, ಎರಡೂ ಬಲ್ಲವರಿಗೆ ಇದರಲ್ಲಿ ತಪ್ಪಲು ಏನಿದೆ? ಮುಂಬೈ ಹೊಕ್ಕ ಬಸ್ಸಿನಲ್ಲಿ ಕ್ಲೀನರ್ ನಿದ್ದೆಗಣ್ಣಲ್ಲಿ ಎಲ್ಲಿಗೆ ಎಂದು ಕೇಳಿದ. ಹೆಣ್ಣುಮಕ್ಕಳು ನಮ್ಮ ಕಡೆಯವರ ಎಳೆತದಲ್ಲಿ "ಬಂದ್ರಾ" ಅಂದರು. ಅವನು ಬಾಂದ್ರಾದಲ್ಲಿ ಇಳಿಸಿ ಹೋದ.

ಸಮುದ್ರ ಎಲ್ಲಿ ಎಂದು ಕೇಳಿದರೆ ಅಲ್ಲಿಯವರು ತೋರಿಸಿದರು. ಅಲ್ಲಿ ಸಮುದ್ರವೂ ಇತ್ತು. ದಂಡೆಯ ಕಲ್ಲಿನ ಮೇಲೆ ಆರು ಜನ ಕುಳಿತು, ಹಡಗು ಇಲ್ಲಿಗೇ ಬರುತ್ತದೆ ಎಂದು ಬುತ್ತಿ ಬಿಚ್ಚಿದರು. ಒಂದೇ ಫೋನು, ಅದೂ ಚಾರ್ಜು ಇಳಿದು ಸತ್ತಿತ್ತು. ಮಂಗಲಾಗೆ ಸುದ್ದಿ ಮುಟ್ಟುವ ಹೊತ್ತಿಗೆ ಅತ್ತ ಹಡಗಿನ ಗೇಟು ಮುಚ್ಚಿತ್ತು.

"ಅವರು ತಿರಗಿ ಬಂದಾಗ ನಾ ಇದs ಸ್ಟ್ಯಾಂಡಿನ್ಯಾಗ ನಿಂತಿದ್ದೆ. ಬೈತಾರ ಅಂತ ತಯಾರಾಗಿ ನಿಂತಿದ್ದೆ ಸರ್. ಹಾಲವ್ವ ಆಯಿ ಇಳದು, 'ಬಾಂದ್ರಾ ಚಲೋ ಊರೈತಿ ಮಗಳ, ಗಾಳಿ ಭಾಳ' ಅಂದ್ಲು. ಬೈದಿದ್ರ ಬೇಸಿತ್ತು."

ಹಣದ ವಿಷಯ ಹೇಗೋ ಬಗೆಹರಿಯಿತು, ಕೊಟ್ಟ ಮಾತಿನ ವಿಷಯ ಬಗೆಹರಿಯಲಿಲ್ಲ. ಮಂಗಲಾ ತಾವೇ ಮುಂಬೈಗೆ ಹೋಗಿ ರೈಲು ನಿಲ್ದಾಣದಿಂದ ಹಡಗಿನ ಗೇಟಿನ ತನಕ ನಡೆದು ನೋಡಿದರು. ಗಂಡನ ಜೊತೆ ಒಮ್ಮೆ ಹಡಗನ್ನೂ ಹತ್ತಿದರು. ಹೇಗಿತ್ತು ಎಂದರೆ, "ಎರಡೂ ದಿನ ತಲಿ ತಿರಗಿ ಮಸರನ್ನ ತಿಂದು ಮಲಗಿದ್ದೆ, ಇವರು ಮಾತ್ರ ನನ್ನ ಪಾಲಿಂದೂ ಉಂಡ್ರು," ಎಂದು ಗಂಡನ ಕಡೆ ನೋಡುತ್ತಾರೆ. ತುಕಾರಾಮ ಝೆರಾಕ್ಸ್ ಯಂತ್ರದ ಕಡೆ ನೋಡುತ್ತಾರೆ.

ಅಂದು ಬಾಂದ್ರಾ ಕಂಡ ಆರರಲ್ಲಿ ಐದು ಜನ ಆಮೇಲೆ ಹಡಗು ಹತ್ತಿದರು. ಉಳಿದವರು ಹಾಲವ್ವ ಒಬ್ಬರೇ. ಪ್ರವಾಸಿ ಹಡಗುಗಳು ಮಳೆಗಾಲದಲ್ಲಿ ನಿಲ್ಲುತ್ತವೆ, ಚಳಿಗೆ ಓಡುತ್ತವೆ. ಚಳಿಗೇ ಹಾಲವ್ವನ ಕುರಿಗಳು ಕೃಷ್ಣೆಯ ದಂಡೆಯ ಕಡೆ ಮೇಯಲು ಹೊರಡುತ್ತವೆ. ಹಿಂಡು ಬಿಟ್ಟು ಬರಲಾಗದೆ ಎರಡು ಚಳಿಗಾಲ ಹೋದವು. ಈ ವರ್ಷ ಮಗ ಹಿಂಡು ನೋಡಿಕೊಳ್ಳುತ್ತೇನೆ ಅಂದಿದ್ದಾನೆ. ಆದರೆ ಮೊಣಕಾಲು ಕೂಡ ಈ ವರ್ಷವೇ ತಕರಾರು ತೆಗೆದಿದೆ. ಮುಂದಿನ ಸಲ ಅನ್ನುವ ಮಾತನ್ನು ಹಾಲವ್ವನೂ ಆಡುವುದಿಲ್ಲ, ಮಂಗಲಾ ಕೂಡ ಆಡುವುದಿಲ್ಲ. ನಸುಕಿನಲ್ಲಿ ಅವರು ಬಸ್ಸಿನ ಕಿಟಕಿ ಹಿಡಿದು ಯಾಕೆ ಓಡಿದರು ಎಂಬುದು ನನಗೆ ಆಗ ಅರ್ಥವಾಗುತ್ತದೆ.

ಮರುದಿನವೂ ನಾನು ಅಂಗಡಿಗೆ ಹೋಗುತ್ತೇನೆ. ನನಗೇ ತಡೆಯಲಾಗಿಲ್ಲ. ಮುಂಬೈ ಮುಟ್ಟಿದರು, ಧರ್ಮಶಾಲೆಯಲ್ಲಿ ಉಂಡರು, ದೊಡ್ಡ ಟ್ಯಾಕ್ಸಿಯವನಿಗೆ ಹತ್ತೂ ಜನ ಒಟ್ಟಿಗೆ ಪಾಠ ಒಪ್ಪಿಸಿದರು, ಅವನು ನಗುತ್ತಲೇ ಸರಿಯಾದ ಗೇಟಿಗೆ ಬಿಟ್ಟ, ಇಷ್ಟು ಸುದ್ದಿ ಬಂದಿದೆ. ಮಂಗಲಾ ಯಾರದೋ ಪಂಢರಪುರದ ಟಿಕೀಟು ತೆಗೆಯುತ್ತಿದ್ದಾರೆ. ಮಧ್ಯಾಹ್ನ ಫೋನು ಹೊಡೆದುಕೊಳ್ಳುತ್ತದೆ. ರುಕ್ಮವ್ವನ ದನಿ ಏರಿದೆ.

"ಮಂಗಲಾ, ಆಯಿನ್ನ ತಡದಾರ. ಚೀಲ ತಪಾಸ್ ಮಾಡೂ ಕಡಿ."

"ಯಾಕ?"

"ಸೊಂಟದ ಸಂಚ್ಯಾಗ ಹಳದಿ ಪುಡಿ ಸಿಕ್ಕೈತಿ. ಏನಿದು ಅಂತ ಅಂವ ಕೇಳ್ತಾನ. ಆಯಿ ಭಂಡಾರ ಅಂತಾಳ. ಅಂವ, ಹೂಂ, ಬಂದರs ಇದು, ಪುಡಿ ಏನು ಹೇಳು ಅಂತಾನ. ಆಯಿ ಮತ್ತ ಭಂಡಾರ ಅಂತಾಳ. ಬರೇ ಹಿಂದಿಯಂವ ಅದಾನ. ಒಳಗ ಹೋಗೂ ಟೈಮ್ ಮುಗೀಲಾಕ ಬಂತು."

ಮಂಗಲಾ ಟಿಕೀಟಿನ ಕೆಲಸ ಅಲ್ಲಿಗೇ ಬಿಡುತ್ತಾರೆ. ಪಂಢರಪುರದ ಟಿಕೀಟಿಗೆ ಬಂದವರು ಹಿಂದೆ ಸರಿದು ಬೆಂಚಿನ ಮೇಲೆ ಕೂರುತ್ತಾರೆ. "ಫೋನ್ ಅವಂಗ ಕೊಡು," ಅನ್ನುತ್ತಾರೆ ಮಂಗಲಾ. ಆಮೇಲೆ ಎದ್ದು ನಿಂತು, ಆ ಮನುಷ್ಯ ಎದುರಿಗೇ ಇದ್ದಾನೇನೋ ಎಂಬಂತೆ ಕೈ ಮುಗಿದುಕೊಂಡು, ಹಿಂದಿಯಲ್ಲಿ ಹೇಳುತ್ತಾರೆ: ಸಾಹೇಬರೇ, ಅದು ಹಲ್ದಿ, ನಮ್ಮ ಕುರುಬರ ದೇವರ ಹಲ್ದಿ, ಅಜ್ಜಿ ಹುಟ್ಟಿದಾಗಿನಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದಾಳೆ, ಮರಾಠಿ ಬಲ್ಲವರು ಯಾರಾದರೂ ಇದ್ದರೆ ಒಮ್ಮೆ ತೋರಿಸಿ. ಅತ್ತ ಕಡೆ ಗದ್ದಲ. ಫೋನು ಕಟ್ಟಾಗುತ್ತದೆ.

ಮತ್ತೆ ಹಚ್ಚುತ್ತಾರೆ, ಹತ್ತುವುದಿಲ್ಲ. ತುಕಾರಾಮ ಒಂದು ಲೋಟ ನೀರು ತಂದಿಡುತ್ತಾರೆ. ಅದನ್ನು ಮಂಗಲಾ ಮುಟ್ಟುವುದಿಲ್ಲ. "ಬಂದರ, ಬಾಂದ್ರಾ ಎರಡೂ ನೆನಪಿಟ್ಟು ಪಾಠ ಹೇಳಿದೆ. ಭಂಡಾರ ಮರತೆ," ಅನ್ನುತ್ತಾರೆ. "ಕಣ್ಣ ಮುಂದs ಹಣಿಗೆ ಹಚ್ಚಿದ್ಲು ಸರ್. ನನಗ ಅದು ಸಾಮಾನು ಅಂತ ಅನಸಲೇ ಇಲ್ಲ." ಅನ್ನಿಸದಿದ್ದುದು ಸಹಜ. ಈ ಸೀಮೆಯಲ್ಲಿ ಭಂಡಾರವನ್ನು ಯಾರೂ ಸಾಮಾನು ಎಂದು ಎಣಿಸುವುದಿಲ್ಲ. ನನ್ನ ಹಣೆಯ ಮೇಲೂ ನಿನ್ನೆಯದು ಇನ್ನೂ ಸ್ವಲ್ಪ ಉಳಿದಿತ್ತು.

ಬಿಸಿಲು ಇಳಿದು ಅಂಗಡಿಯ ಮೆಟ್ಟಿಲಿಗೆ ನೆರಳು ಬಂದ ಹೊತ್ತಿಗೆ ಫೋನು ಮತ್ತೆ ಹೊಡೆದುಕೊಳ್ಳುತ್ತದೆ. ಈ ಸಲ ವಿಡಿಯೋ. ತೆರೆಯ ತುಂಬ ಮೊದಲು ರುಕ್ಮವ್ವನ ಮೂಗು, ಆಮೇಲೆ ಆಕಾಶ, ಆಮೇಲೆ ಒಂದು ಬಿಳಿ ಕುರ್ಚಿ. ಕುರ್ಚಿಯ ಮೇಲೆ ಹಾಲವ್ವ, ಹಣೆ ತುಂಬ ಭಂಡಾರ. ತಪಾಸಣೆಯ ದೊಡ್ಡ ಸಾಹೇಬರು ಸೋಲಾಪುರದ ಕಡೆಯವರಂತೆ. ಬಂದು ಸಂಚಿ ನೋಡಿ, ತಾವೇ ಚಿಟಿಕೆ ಹಚ್ಚಿಕೊಂಡು, ಉಳಿದದ್ದನ್ನು ಕೌಂಟರಿನಲ್ಲಿ ಇಟ್ಟುಕೊಂಡು ಬರುವಾಗ ಒಯ್ಯಲು ಹೇಳಿದರಂತೆ. ಇದನ್ನೆಲ್ಲ ರುಕ್ಮವ್ವ ಒಂದೇ ಉಸಿರಿಗೆ ಹೇಳುತ್ತಾರೆ. ಹಾಲವ್ವನ ಬೆನ್ನ ಹಿಂದೆ ಮುಂಬೈನ ಕಟ್ಟಡಗಳು ಮೆಲ್ಲಗೆ ಸರಿಯುತ್ತಿವೆ.

"ಆಯಿ, ಹೆಂಗೈತಿ?" ಮಂಗಲಾ ಕೇಳುತ್ತಾರೆ.

ಹಾಲವ್ವ ಫೋನಿನ ಕಡೆ ನೋಡುವುದಿಲ್ಲ, ನೀರಿನ ಕಡೆ ನೋಡುತ್ತಿದ್ದಾರೆ. "ಮನಿ ಹೊಂಟೈತಿ ಮಗಳ," ಅನ್ನುತ್ತಾರೆ. "ನಾ ಕುಂತೀನಿ."

ದಂಡೆ ದೂರವಾಗಿ ಚಿತ್ರ ನಿಂತುಹೋಗುತ್ತದೆ. ಮಂಗಲಾ ಫೋನು ಮೇಜಿನ ಮೇಲಿಟ್ಟು, ತುಕಾರಾಮ ತಂದಿಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಬೆಂಚಿನ ಮೇಲೆ ಹೊಸ ಗಿರಾಕಿಯೊಬ್ಬರು ಕುಳಿತಿದ್ದಾರೆ. "ಬಾಂದ್ರಾ ಮಂಗಲಾ ಅಂದ್ರ ನೀವs ಏನ್ರಿ? ನಮಗೂ ಹಡಗ ನೋಡೂದೈತಿ," ಎಂದು ಕೇಳುತ್ತಾರೆ.

"ನಾನs. ಕುಂದ್ರಿ," ಅನ್ನುತ್ತಾರೆ ಮಂಗಲಾ, ಕಂಪ್ಯೂಟರಿನ ಕಡೆ ತಿರುಗಿ. ಆಮೇಲೆ ನನ್ನ ಕಡೆ ನೋಡಿ, ಗಿರಾಕಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳುತ್ತಾರೆ: "ಮಂದಿ ಕರೀಲಿ ಬಿಡ್ರಿ ಸರ್. ನನ್ನ ಎದಿ ಮ್ಯಾಲಿನ ಬಾಂದ್ರಾ ಇವತ್ತ ಇಳೀತು."