ಅಡುಗೆಮನೆ ಸ್ವಿಚ್ ಬೋರ್ಡಿನ ಸ್ಕ್ರೂ

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ವೈರಿಂಗ್ ಕೆಲಸ ಹಿಡಿದವನು ನಾನು. ಬನಶಂಕರಿಯಿಂದ ಗೊಟ್ಟಿಗೆರೆಯವರೆಗೆ ನನ್ನ ಕೈ ತಾಗದ ಮೀಟರ್ ಬೋರ್ಡ್ ಕಡಿಮೆ. ಇಷ್ಟು ವರ್ಷ ಕರೆಂಟು ನನಗೆ ಏನೂ ಮಾಡಲಿಲ್ಲ. ಮಾಡಿದ್ದು ಒಂದು ಪ್ಲಾಸ್ಟಿಕ್ ಸ್ಟೂಲು, ತ್ಯಾಗರಾಜನಗರದ ಮನೆಯೊಂದರಲ್ಲಿ ಫ್ಯಾನ್ ಹಾಕಿ ಇಳಿಯುವಾಗ. ಅದು ಜಾರಿ ಬಿದ್ದೆ, ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟು, ಕೈಕಾಲು ನಿಂತವು. ಕಾಲುಗಳು ಕೆಲವು ತಿಂಗಳಲ್ಲಿ ದೊಡ್ಡ ಮನಸ್ಸು ಮಾಡಿ ನಡೆದವು. ಕೈಬೆರಳುಗಳು ಮಾತ್ರ ಸೌದೆಯಂತೆ ಬಿದ್ದಿದ್ದವು.

ಅದೇ ಸಮಯ ನೋಡಿಕೊಂಡು ನಮ್ಮ ಅಡುಗೆಮನೆ ಸ್ವಿಚ್ ಬೋರ್ಡಿನ ಸ್ಕ್ರೂ ಸಡಿಲವಾಯಿತು.

"ಯಾರನ್ನಾದ್ರೂ ಕರೀಲೇನ್ರೀ?" ಎಂದಳು ಹೆಂಡತಿ.

"ನನ್ ಮನೆಗೆ ಇನ್ನೊಬ್ಬ ಎಲೆಕ್ಟ್ರಿಷಿಯನ್ನಾ? ನಾನು ಸತ್ತ ಮೇಲೆ ಕರಿ."

ಅಲ್ಲಿಯವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಗಾಯಕ್ಕೆ ಹಾಕುವ ಬಿಳಿ ಟೇಪು ಅಂಟಿಸಿದಳು. ಎಲೆಕ್ಟ್ರಿಷಿಯನ್ ಮನೆಯ ಶೋಭೆ.

ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ಕತ್ತಿನ ಹಿಂದೆ ಪ್ಯಾಡ್ ಅಂಟಿಸಿ, ಬೆನ್ನುಹುರಿಗೆ ಸಣ್ಣ ಕರೆಂಟು ಕೊಟ್ಟು ಕೈಗೆ ಚಲನೆ ತರಿಸುತ್ತಾರಂತೆ, ಇನ್ನೂ ಪ್ರಯೋಗವಂತೆ. ಹೋದೆ. ಡಾಕ್ಟರು ಕರೆಂಟು ಎಂದರೇನೆಂದು ನನಗೇ ವಿವರಿಸಿದರು. ನಮ್ಮ ಕಸುಬಿನ ಮೊದಲ ಪಾಠವೇ, ಕರೆಂಟಿನ ಅನುಮಾನವಿರುವ ವೈರ್‌ಗೆ ಅಂಗೈ ತಾಗಿಸಬೇಡ, ಮುಷ್ಟಿ ತಾನಾಗಿ ಬಿಗಿದುಕೊಳ್ಳುತ್ತದೆ ಎಂಬುದು. ಹಾಗಾಗಿ ಫಿಸಿಯೋ ಹುಡುಗಿ ಮರದ ಗುಂಡಿನ ಮೇಲೆ ನನ್ನ ಕೈಯಿಟ್ಟು "ಟ್ರೈ ಮಾಡಿ" ಎಂದಾಗಲೆಲ್ಲ ತಲೆಯಾಡಿಸಿ, ಮುಷ್ಟಿ ತಾನಾಗಿ ಮುಚ್ಚಲೆಂದು ಮಹಾರಾಜನಂತೆ ಕೂತೆ. ಒಂದು ವಾರ ಕೂತೆ.

"ಮೇಡಂ, ನಿಮ್ ಮಿಷಿನ್‌ಗೆ ವೋಲ್ಟೇಜ್ ಸಾಲ್ದು, ಏರ್ಸಿ."

"ಅಂಕಲ್, ನೀವು ಟ್ರೈ ಮಾಡ್ತಾನೇ ಇಲ್ವಾ?"

"ಕರೆಂಟ್ ಕೊಡ್ತಿದ್ದೀರಲ್ಲ, ಅದೇ ಮಾಡ್ಲಿ."

ಅವಳು ತಲೆ ಚಚ್ಚಿಕೊಳ್ಳಲಿಲ್ಲ, ಓದಿದವಳು. "ಇದು ಕೈ ಮುಚ್ಚಲ್ಲ ಅಂಕಲ್. ನಿಮ್ ತಲೆಯಿಂದ ಬರೋ ಸಿಗ್ನಲ್ ವೀಕಾಗಿದೆ, ಇದು ಅದಕ್ಕೆ ಒತ್ತಾಸೆ ಅಷ್ಟೇ. ಮುಚ್ಚೋರು ನೀವು."

ಅಂದರೆ ಇಲ್ಲೂ ದುಡಿಮೆ ನನ್ನದೇ. ಮೊದಲೇ ಹೇಳಿದ್ದರೆ ಒಂದು ವಾರ ಉಳಿಯುತ್ತಿತ್ತು. ಹೇಳಿದ್ದರು, ಪ್ರತಿದಿನ.

ಆಮೇಲೆ ತಿಂಗಳುಗಟ್ಟಲೆ ಬೆವರು ಸುರಿಸಿದೆ. ಎಲ್‌ಕೆಜಿ ಮಕ್ಕಳು ಆಡುವ ಗುಂಡನ್ನು ಎತ್ತಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಕೂಲಿನಲ್ಲಿ ಸಿಗದೇ ಹೋದದ್ದು.

ಕಳೆದ ಭಾನುವಾರ ಹೆಂಡತಿ ಮೇನ್ ಆಫ್ ಮಾಡಿ ಬಿಳಿ ಟೇಪು ಕಿತ್ತಳು. ನನ್ನ ಕೈಯಿಂದ ಸ್ಕ್ರೂಡ್ರೈವರ್ ಎರಡು ಸಲ ಬಿತ್ತು. ಮೂರನೇ ಸಲ ಸ್ಕ್ರೂ ಅರ್ಧ ಸುತ್ತು ತಿರುಗಿತು.

"ಉಳಿದಿದ್ದು ನಾನು ತಿರುಗಿಸ್ಲಾ?"

"ಕೈ ತೆಗಿ. ನಾಳೆ ಇನ್ನರ್ಧ."

ಅವಳು ಮತ್ತೆ ಟೇಪು ಹಚ್ಚಿದಳು. ಈ ಸಲ ಕರಿಯದು, ನನ್ನ ಕೆಲಸದ ಚೀಲದಿಂದ ತೆಗೆದದ್ದು.