ಅಳಿಲುಮರಿಗೆ ದನಿ ಕೊಟ್ಟ ಅತ್ತಿಗೆ

ಈ ಜನ ಅತ್ತಿಗೆಯನ್ನು ಮರೆತುಬಿಟ್ಟರೆ? ಹೋದ ತಿಂಗಳು ನನ್ನ ತಲೆ ಕೊರೆದದ್ದು ಇದೊಂದೇ ಯೋಚನೆ. ಮಗಳಿಗೆ ಸ್ನಾನ ಮಾಡಿಸುವಾಗಲೂ ಅದೇ, ಕುಕ್ಕರಿನ ಮುಂದೆ ನಿಂತಾಗಲೂ ಅದೇ. ಮೊಬೈಲಿನಲ್ಲಿ ಬಂದ ಹೆಸರು ಎಷ್ಟು ಹೊತ್ತು ನಿಂತೀತು? ನಾಳೆ ಯಾವುದೋ ಬೆಕ್ಕು ಪಿಯಾನೊ ಬಾರಿಸಿದರೆ ಮುಗಿಯಿತು, ಎಲ್ಲರೂ ಅತ್ತ ಓಡುತ್ತಾರೆ. ಅತ್ತಿಗೆಗೆ ಮಾತ್ರ ಆ ಚಿಂತೆ ಇರಲಿಲ್ಲ. ಊಟದ ಮೇಜಿನ ಮೇಲೆ ಅವರ ಫೋನು ಗುಂಯ್‌ಗುಡುತ್ತಿತ್ತು. ಪರದೆಯ ಮೇಲೆ 'ಮೇಷ್ಟ್ರು' ಎಂದು ಬರುತ್ತಿತ್ತು. ಅವರು ಬಟಾಣಿ ಸುಲಿಯುತ್ತಾ ಕೂತಿದ್ದರು.

"ಎತ್ತಿ ಅತ್ತಿಗೆ, ಕಟ್ಟಾಗತ್ತೆ."

"ಆಗ್ಲಿ. ಕಾಯೋದು ಅಂದ್ರೆ ಹೇಗಿರತ್ತೆ ಅಂತ ಅವನಿಗೂ ಗೊತ್ತಾಗ್ಲಿ."

"ಆಮೇಲೆ ಅವರು ಮಾಡದೇ ಹೋದ್ರೆ?"

"ಮಾಡ್ತಾನೆ ಕಣೇ. ಹಲ್ಲುನೋವಿದ್ದೋನು ಡಾಕ್ಟರ ಬಾಗಿಲು ಬಿಟ್ಟು ಎಲ್ಲಿಗೆ ಹೋಗ್ತಾನೆ?"

ಅತ್ತಿಗೆ ನನ್ನ ಗಂಡನ ಅಕ್ಕ. ಮದುವೆಯಾಗಿಲ್ಲ, ನಮ್ಮ ಜೊತೆಯಲ್ಲೇ ಇದ್ದಾರೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವ ಕೆಲಸ. ಅದಕ್ಕೂ ಮುಂಚೆ ಅವರು ಡಬ್ಬಿಂಗ್ ಕಲಾವಿದೆ. ನಾನು ಶಾಲೆಗೆ ಹೋಗುತ್ತಿದ್ದಾಗ ಸಂಜೆ ಟೀವಿಯಲ್ಲಿ ಅಳಿಲುಮರಿಯ ಕಾರ್ಟೂನು ಬರುತ್ತಿತ್ತು. ಬಾಲ ಎಲ್ಲಾದರೂ ಸಿಕ್ಕಿಹಾಕಿಕೊಂಡು "ಅಯ್ಯಯ್ಯೋ, ಬಾಲ ಬಾಲ!" ಎಂದು ಕಿರುಚುವ ಆ ಮರಿಯನ್ನು ಅಣಕಿಸದ ಮಗು ನಮ್ಮ ತರಗತಿಯಲ್ಲಿ ಇರಲಿಲ್ಲ. ಆ ದನಿ ಅತ್ತಿಗೆಯದು ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಒಂದು ಸಲ ಮಾಡಿ ತೋರಿಸಿ ಎಂದು ಗೋಗರೆದೆ. ಆಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು.

ಅವರ ಸ್ಟುಡಿಯೋದಲ್ಲಿ ಒಂದು ಕಟ್ಟಳೆಯಿತ್ತಂತೆ. ಪಾತ್ರದ ದನಿಯನ್ನು ಕೆಲಸದ ಮೈಕಿನ ಮುಂದಲ್ಲದೆ ಬೇರೆಲ್ಲೂ ತೆಗೆಯಬಾರದು. ನೆಂಟರ ಮಕ್ಕಳು ಅತ್ತರೂ ಸರಿ, ತೆಗೆಯಬಾರದು. ಅಳಿಲುಮರಿ ಚಪ್ಪಲಿ ಮೆಟ್ಟಿಕೊಂಡು ತರಕಾರಿ ಚೀಲ ಹಿಡಿದು ಓಡಾಡುತ್ತದೆ ಎಂದು ಮಕ್ಕಳಿಗೆ ತಿಳಿಯಬಾರದಲ್ಲ! ಕಟ್ಟಳೆ ಮಾಡಿದವನು ಡಬ್ಬಿಂಗ್ ನಿರ್ದೇಶಕ. ಎಲ್ಲರ ಬಾಯಲ್ಲೂ ಅವನು ಮೇಷ್ಟ್ರು. ಅವನು ಹೊರಹಾಕಿದ ಮೇಲೂ ಅತ್ತಿಗೆ ಆ ಮಾತು ಮೀರಿರಲಿಲ್ಲ. ನನಗೆ ಮೈಯೆಲ್ಲ ಉರಿಯುವುದು ಇದಕ್ಕೇ.

ಹೊರಹಾಕಿದ್ದಾದರೂ ಹೇಗೆ! ಕಲಾವಿದರು ಗಾಜಿನ ಈಚೆ, ನಿರ್ದೇಶಕ ಗಾಜಿನ ಆಚೆ. ಅವನು ಗುಂಡಿ ಒತ್ತಿ ಮಾತಾಡಿದರೆ ಮಾತ್ರ ಇವರ ಹೆಡ್‌ಫೋನಿಗೆ ಕೇಳುತ್ತದೆ. ಆ ದಿನ ಅತ್ತಿಗೆ ಹೆಡ್‌ಫೋನು ಹಾಕಿಕೊಂಡು ನಿಂತೇ ಇದ್ದರು. ಅವನು ಗುಂಡಿ ಒತ್ತಲೇ ಇಲ್ಲ. ಆಚೆ ಅವನ ತುಟಿ ಆಡುತ್ತಿತ್ತು, ಪಕ್ಕದಲ್ಲಿ ಅವನ ಹೆಂಡತಿಯ ತಂಗಿ ನಗುತ್ತಿದ್ದಳು. ಆಮೇಲೆ ಯಾರೋ ಇವರ ಕೋಣೆಯ ದೀಪ ಆರಿಸಿದರು. ಅಷ್ಟೇ. ಮಾರನೆಯ ದಿನದಿಂದ ಅಳಿಲು ಆ ತಂಗಿಯ ಪಾಲಾಯಿತು. ಯಾರಾದರೂ ಕೇಳಿಯಾರು ಎಂದು "ಅವಳ ಗಂಟಲು ತುಕ್ಕು ಹಿಡಿದಿದೆ" ಎಂಬ ಸುದ್ದಿಯನ್ನೂ ಮೇಷ್ಟ್ರು ಹಬ್ಬಿಸಿದ. ಬೇರೆ ಸ್ಟುಡಿಯೋಗಳ ಬಾಗಿಲೂ ಮುಚ್ಚಿದವು.

ಹಾಗಿರುವಾಗ ಒಂದು ಮಧ್ಯಾಹ್ನ, ಅತ್ತಿಗೆ ಮರೆತುಹೋದ ಕನ್ನಡಕ ಕೊಡಲು ಮಗಳ ಜೊತೆ ಬಸ್ ನಿಲ್ದಾಣಕ್ಕೆ ಹೋದೆ. ಚೀಲದೊಳಗೆ ಕೈ ಹಾಕಿ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ಮಗಳಿಲ್ಲ. ಕಣ್ಣಿಗೆ ಬರೀ ಬಸ್ಸಿನ ಚಕ್ರಗಳೇ ಕಂಡವು. ಅತ್ತಿಗೆ ಮೈಕಿನಲ್ಲಿ, "ಗುಂಡಮ್ಮಾ, ಅತ್ತೆ ಹತ್ರ ಬಾ" ಎಂದು ಕರೆದರು. ಮತ್ತೆ ಕರೆದರು. ಬರಲಿಲ್ಲ. ನಾನು ಕುಸಿದು ಕೂತದ್ದನ್ನು ಕಿಟಕಿಯಿಂದ ನೋಡಿದರು. ಕಣ್ಣು ಮುಚ್ಚಿ ಮೈಕಿಗೆ ಬಾಯಿ ತಾಗಿಸಿದರು.

"ಅಯ್ಯಯ್ಯೋ, ಬಾಲ ಬಾಲ! ಗುಂಡಮ್ಮಾ, ನನ್ನ ಬಾಲ ವಿಚಾರಣೆ ಕಿಟಕೀಲಿ ಸಿಕ್ಕಾಕ್ಕೊಂಡಿದೆ! ಬೇಗ ಬಂದು ಬಿಡಿಸೇ!"

ಮೀಸೆ ಹೊತ್ತ ಗಂಡಸರು ಧ್ವನಿವರ್ಧಕದ ಕಡೆ ಬಾಯಿ ಬಿಟ್ಟುಕೊಂಡು ನೋಡಿದರು. ನನ್ನ ಮೊಬೈಲಿನಲ್ಲಿ ಹಳೆಯ ಕಂತುಗಳನ್ನು ನೋಡಿ ನೋಡಿ ಸವೆಸಿದ್ದ ಗುಂಡಮ್ಮ, ಕುಡಿಯುವ ನೀರಿನ ತೊಟ್ಟಿಯ ಹಿಂದಿನಿಂದ ಓಡೋಡಿ ಬಂದಳು. ಕಾಲೇಜು ಹುಡುಗಿಯೊಬ್ಬಳು ಅಷ್ಟನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಆ ವಿಡಿಯೊ ಎಲ್ಲರ ಕೈಯಲ್ಲೂ ಇತ್ತು. ಎದುರುಮನೆಯವರು ನನಗೇ ಕಳಿಸಿ, "ಇದು ನಿಮ್ಮ ಅತ್ತಿಗೆ ಥರಾ ಇದೆ ನೋಡಿ" ಎಂದರು.

ಆ ಅಳಿಲನ್ನು ಆಗಲೇ ಸಿನಿಮಾ ಮಾಡುತ್ತಿದ್ದರಂತೆ. ನಿರ್ಮಾಪಕಿ ವಿಡಿಯೊ ನೋಡಿ, ಇದೇ ದನಿ ಬೇಕು ಎಂದು ಹಟ ಹಿಡಿದಳು. ಡಬ್ಬಿಂಗ್ ಮೇಷ್ಟ್ರ ಕೈಯಲ್ಲಿತ್ತು. ಶುರುವಾಯಿತಲ್ಲ ಫೋನು! ಅತ್ತಿಗೆ ಎತ್ತದಿದ್ದಾಗ ಅವನು ಟೀವಿಯಲ್ಲಿ ಕೂತು ಕಣ್ಣೊರೆಸಿಕೊಂಡ. "ಸಂಸಾರ ನೋಡ್ಕೋಬೇಕು ಅಂತ ಅವಳೇ ಬಿಟ್ಟುಹೋದ್ಲು. ನಾವು ಕಾಯ್ತಾನೇ ಇದ್ವಿ."

"ಸಂಸಾರ!" ಅತ್ತಿಗೆ ಟೀವಿಯ ಮುಂದೆ ಎದ್ದು ನಿಂತರು. "ನನಗೇ ಗೊತ್ತಿಲ್ದೇ ಯಾವಾಗ ಕಟ್ಟಿಕೊಟ್ಟನೋ? ಗಂಡ ಯಾರು ಅಂತಾನಾದ್ರೂ ಹೇಳ್ಬಾರ್ದಾ?"

ನನ್ನ ಗಂಡ ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು.

ಮುಂದಿನ ಸಲ ಫೋನು ಬಂದಾಗ ಅತ್ತಿಗೆ ಎತ್ತಿದರು. "ಬರ್ತೀನಿ ಮೇಷ್ಟ್ರೇ. ಪೇಪರ್‌ನೋರು, ಟೀವಿಯೋರು ಎಲ್ಲರೂ ಇರ್ಲಿ. ನಿಮ್ಮ ದೊಡ್ಡ ಮನಸ್ಸು ನಾಲ್ಕು ಜನಕ್ಕೆ ಗೊತ್ತಾಗ್ಬೇಕಲ್ಲ." ಮಾತಿನಲ್ಲಿ ಜೇನು ಸುರಿಯುತ್ತಿತ್ತು.

ಸ್ಟುಡಿಯೋದ ಮುಂಗೋಣೆಯಲ್ಲಿ ಕ್ಯಾಮೆರಾಗಳ ಸಾಲು. ಮೇಷ್ಟ್ರು ಹೂಗುಚ್ಛ ಕೊಟ್ಟು, "ನನ್ನ ಮಗಳಿದ್ದ ಹಾಗೆ" ಎಂದ. ಸಂಸಾರದ ಕಥೆಯನ್ನು ಇನ್ನೊಮ್ಮೆ ಹೇಳಿದ. "ಒಂದು ಮಾತು ಅಳಿಲಿನ ದನೀಲೇ ಹೇಳಮ್ಮ."

"ಎಲ್ಲರ ಮುಂದೆ ತೆಗೀಬಾರ್ದು ಅಂತ ನೀವೇ ಹೇಳಿದ್ರಲ್ಲ ಮೇಷ್ಟ್ರೇ?"

"ಅಯ್ಯೋ, ಅದು ಆ ಕಾಲ. ಧಾರಾಳವಾಗಿ ಹೇಳು."

ಅತ್ತಿಗೆ ಮೈಕು ಹತ್ತಿರ ಎಳೆದುಕೊಂಡರು. ಪುಟಾಣಿ ದನಿ ಚಿಮ್ಮಿತು.

"ಅಯ್ಯಯ್ಯೋ, ಮೇಷ್ಟ್ರು ಸುಳ್ಳು ಹೇಳ್ತಿದಾರೆ! ನಾನು ಎಲ್ಲೂ ಹೋಗಿರ್ಲಿಲ್ಲ! ನನ್ನ ಒಳಗೆ ನಿಲ್ಲಿಸಿ ದೀಪ ಆರ್ಸಿದ್ದು ಮೇಷ್ಟ್ರು! ನನ್ನ ಬಾಲ ಕಿತ್ತು ಹೆಂಡತಿ ತಂಗೀಗೆ ಅಂಟಿಸಿದ್ದು ಮೇಷ್ಟ್ರು! ಗಂಟಲಿಗೆ ತುಕ್ಕು ಅಂತ ಊರೆಲ್ಲ ಸಾರಿದ್ದೂ ಮೇಷ್ಟ್ರೇ! ಎಲ್ಲಿದೆ ತುಕ್ಕು? ಬಾಯಿ ತೆಗೀತೀನಿ, ಬಗ್ಗಿ ನೋಡಿ ಮೇಷ್ಟ್ರೇ. ಆಆಆ..."

ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರ ನಗುವೇ ನಿಂತಿತು. ಮೇಷ್ಟ್ರು, "ತಮಾಷೆ, ತಮಾಷೆ ಮಾಡ್ತಾಳೆ" ಎಂದ. ಹಿಂದಿನಿಂದ ಒಬ್ಬ ಕ್ಯಾಮೆರಾದವನು, "ಅಳಿಲು ಸುಳ್ಳು ಹೇಳಲ್ಲ ಸಾರ್" ಎಂದುಬಿಟ್ಟ.

ಹೊರಗೆ ಬಂದ ಕೂಡಲೇ ಕೇಳಿದೆ.

"ಸಮಾಧಾನ ಆಯ್ತಾ ಅತ್ತಿಗೆ?"

"ಇಲ್ಲ ಕಣೇ. ಹಸಿವು ಇನ್ನೂ ಜಾಸ್ತಿ ಆಯ್ತು."

ಅದಾದ ಮೇಲೆ ಫೋನು ಬಾಯಿ ಮುಚ್ಚಿತು. ಅತ್ತಿಗೆ ಬಸ್ಸುಗಳ ಹೆಸರು ಹೇಳಲು ಎಂದಿನಂತೆ ಹೋಗಿಬರುತ್ತಿದ್ದರು. ನಾನು ಅವರ ಫೋನಿಗೆ ಚಾರ್ಜ್ ಇದೆಯೇ ಎಂದು ನೋಡುತ್ತಿದ್ದೆ. ಇವತ್ತು ಬೆಳಿಗ್ಗೆ ನಿರ್ಮಾಪಕಿಯೇ ಕರೆ ಮಾಡಿದಳು. ಮೇಷ್ಟ್ರು ತನ್ನ ಕೋಣೆಯಲ್ಲಿ ಕ್ಷಮೆ ಕೇಳುತ್ತಾನಂತೆ, ಆದರೆ ಡಬ್ಬಿಂಗ್ ಮಾಡಿಸುವವನು ಅವನೇ. ಸಂಜೆಯೊಳಗೆ ಹೇಳದಿದ್ದರೆ ಬೇರೆ ದನಿ ಹುಡುಕುತ್ತಾರಂತೆ.

"ಒಪ್ಕೋ ಅಕ್ಕ," ಎಂದರು ನನ್ನ ಗಂಡ. "ಕ್ಷಮೆ ಕೇಳ್ತಾನಂತಲ್ಲ."

"ಹೆಸರು ಕೆಡಿಸಿದ್ದು ಊರ ಮುಂದೆ, ಕ್ಷಮೆ ಕೋಣೇಲಾ?" ಎಂದವರು ಇದ್ದಕ್ಕಿದ್ದಂತೆ ಸೋತು ಕೂತರು. ನನ್ನ ಕಡೆ ತಿರುಗಿದರು. "ಆದ್ರೆ ನನಗೆ ಆ ಅಳಿಲು ಬೇಕು ಕಣೇ. ನಾನು ಮಾತಾಡಿದ್ರೆ ಹೂಂ ಅಂದ್ಬಿಡ್ತೀನಿ."

ತಪ್ಪು ನಂಬರಿಗೆ ಕರೆ ಮಾಡಿದವರಿಗೂ ಸಾರಿ ಹೇಳುವವಳು ನಾನು. ಆದರೂ ಫೋನು ಕೈಗೆ ತೆಗೆದುಕೊಂಡೆ. ನಿರ್ಮಾಪಕಿ ಎತ್ತಿದ ಕೂಡಲೇ ಹೇಳಿಬಿಟ್ಟೆ.

"ಮೇಡಂ, ನಿಮಗೆ ಅಳಿಲು ಬೇಕಾ, ಮೇಷ್ಟ್ರು ಬೇಕಾ? ಇಬ್ಬರೂ ಒಟ್ಟಿಗೆ ಸಿಗಲ್ಲ."

ಅತ್ತಿಗೆ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು. ಕೊನೆಗೆ ನಿರ್ಮಾಪಕಿ, "ಸೋಮವಾರ ಬರೋಕೆ ಹೇಳಿ. ಮೇಷ್ಟ್ರಿಗೆ ನಾನೇ ಹೇಗಾದ್ರೂ ತಿಳಿಸ್ತೀನಿ" ಎಂದಳು.

"ನಿಮಗ್ಯಾಕೆ ತೊಂದ್ರೆ ಮೇಡಂ," ಎಂದೆ. "ಅದನ್ನ ನಮಗೆ ಬಿಡಿ."

ಅತ್ತಿಗೆ ಬೇಡ ಎನ್ನಲಿಲ್ಲ. ನಾನು ಮೇಷ್ಟ್ರ ನಂಬರು ಒತ್ತಿದೆ. ಈ ಸಲ ಫೋನು ಇಡಬೇಕು ಅನ್ನಿಸಲಿಲ್ಲ. ಅವನು ತಕ್ಷಣ ಎತ್ತಿದ.

"ನಮಸ್ಕಾರ ಮೇಷ್ಟ್ರೇ," ಎಂದೆ, "ಸೋಮವಾರದಿಂದ ನೀವು ಬರೋದು ಬೇಡ."