ಯಾಸುಹೇಯ್‌ ಅವರ ಕೆನ್ನೆಯ ಕೆಂಪು

ಕುರಿಹಾಶಿ ಫುಮಿಯೆ ಇಪ್ಪತ್ತೆರಡು ವರ್ಷ ಟೋಕಿಯೊದಲ್ಲಿ ಬೇರೆಯವರ ಕಾಮಿಕ್ಸ್ ಚಿತ್ರಕಥೆಗಳಿಗೆ ಮಾರ್ಕರ್‌ಗಳಿಂದ ಬಣ್ಣ ತುಂಬಿದವರು. ಒಂದು ಪುಟದಲ್ಲೂ ಅವರ ಹೆಸರು ಅಚ್ಚಾಗಲಿಲ್ಲ. ಹುಟ್ಟೂರು ಹಮಾಮಾತ್ಸುವಿಗೆ ಮರಳಿದ ಮೇಲೆ ಬುಧವಾರಗಳಂದು ನಮ್ಮಂಥ ಏಳೆಂಟು ಮಂದಿಗೆ ಆ ವಿದ್ಯೆಯನ್ನೇ ಕಲಿಸುತ್ತಿದ್ದರು. ಮೊದಲು ತಿಳಿಬಣ್ಣ, ಅದು ಆರುವ ಮುನ್ನ ನೆರಳಿನ ಬಣ್ಣ, ಎರಡೂ ಕೂಡುವ ಅಂಚಿನ ಮೇಲೆ ಮತ್ತೆ ತಿಳಿಬಣ್ಣ.

"ಅಂಚು ಕಾಣಿಸಿದ್ರೆ ಅದು ಕೆನ್ನೆ ಅಲ್ಲ, ಮುಲಾಮು ಹಚ್ಚಿದ ಗಾಯ," ಎನ್ನುತ್ತಿದ್ದರು.

ನೆರೆಮನೆಯ ಸಾವಾಕೊ ಫುಮಿಯೆಗಿಂತ ಆರು ವರ್ಷ ಹಿರಿಯಳು, ಬಾಲ್ಯದ ಗೆಳತಿ. ಅವಳ ಗಂಡ ಯಾಸುಹೇಯ್ ತಮ್ಮ ಅಂಗಡಿಯಲ್ಲಿ ನಲವತ್ತು ವರ್ಷ ಕೆಂಡದ ಮುಂದೆ ನಿಂತು ಹಾವುಮೀನು ಸುಟ್ಟು ಮಾರಿದವರು. ಅವರು ತೀರಿಕೊಂಡಾಗ ಅವರ ಮುಖವನ್ನು ಫುಮಿಯೆ ಮಾರ್ಕರ್‌ಗಳಿಂದ ಬರೆದುಕೊಟ್ಟರು. ಕೆಂಡ ಕೊಟ್ಟ ಕೆನ್ನೆಗೆಂಪಿಗೆ ನಾಲ್ಕು ಬಣ್ಣಗಳನ್ನು ಒಂದರೊಳಗೊಂದು ಕರಗಿಸಿದ್ದರು. ಸಾವಾಕೊ ಅದನ್ನು ಅಂಗಡಿಯಲ್ಲಿ, ಕಿಟಕಿಯ ಎದುರು ಗೋಡೆಗೆ ತೂಗುಹಾಕಿದಳು.

ಮಾರ್ಕರ್‌ ಶಾಯಿಯ ಬಣ್ಣವಿರುವುದು ಅಣುಗಳ ಜೋಡಣೆಯಲ್ಲಿ. ಬಿಸಿಲು ಅದನ್ನು ಮುರಿಯುತ್ತದೆ, ಯಾರ ಶೋಕಕ್ಕೂ ರಿಯಾಯಿತಿ ತೋರುವುದಿಲ್ಲ. ಬೆಳಕಿಗೆ ತೂಗುಹಾಕಬೇಡಿ ಎಂದು ನಮಗೆ ವಾರವಾರವೂ ಹೇಳುತ್ತಿದ್ದ ಫುಮಿಯೆ ಅಂದು ಮಾತ್ರ ಸುಮ್ಮನಿದ್ದರು.

ಎರಡನೆಯ ವರ್ಷ ಸಾವಾಕೊ ನಕ್ಕಳು: "ನೋಡೇ, ನಮ್ಮ ಯಜಮಾನ್ರು ಬಿಳಿಚಿಕೊಂಡಿದಾರೆ. ಅಲ್ಲಿ ಊಟ ಸರಿಯಿಲ್ವೇನೋ."

ಫುಮಿಯೆಯೂ ನಕ್ಕರು. ಅಂಗಡಿಗೆ ರಜೆಯಿದ್ದ ಸೋಮವಾರ, ಗಾಜು ಒರೆಸುವ ನೆಪದಲ್ಲಿ ಚಿತ್ರವನ್ನು ಹಿಂದಿನ ಕೋಣೆಗೊಯ್ದು ಕೆನ್ನೆಗೆ ಬಣ್ಣ ಹಚ್ಚಿದರು. ಮುಂದೆ ಇನ್ನೆರಡು ಸಲವೂ ಹಾಗೇ ಆಯಿತು. ನಾಲ್ಕನೆಯ ಸಲ ಕಾಗದ ಇನ್ನು ಶಾಯಿ ಹೀರಲಾರದಾಗಿತ್ತು. ಕೆಂಪು ಬಾಯಿಯಂಚಿಗೆ ಹರಿಯಿತು. ಅಂಚು ಕರಗಿಸಲೆಂದೇ ಇರುವ ಬಣ್ಣವಿಲ್ಲದ ಮಾರ್ಕರ್‌ನಿಂದ ಅದನ್ನು ಹಿಂದಕ್ಕೆ ತಳ್ಳಹೋದರೆ ಬಾಯಿಯ ಗೆರೆಯೂ ಜೊತೆಗೆ ಜಾರಿತು.

ಚಹಾ ಹಿಡಿದು ಬಾಗಿಲಿಗೆ ಬಂದ ಸಾವಾಕೊ ಚಿತ್ರವನ್ನೂ ಮಾರ್ಕರ್‌ಗಳನ್ನೂ ನೋಡಿದಳು.

"ಇದು ಎಷ್ಟನೇ ಸಲ?"

"ನಾಲ್ಕನೇದು, ಅಕ್ಕ. ಬಿಸಿಲಿಗೆ ಹೋಗತ್ತೆ ಅಂತ ಮೊದಲ ದಿನವೇ ಗೊತ್ತಿತ್ತು."

"ಹೇಳಿದ್ರೆ ಒಳಗೆ ಹಾಕ್ತಿದ್ದೆ. ಅಷ್ಟೇ ತಾನೇ?"

"ಒಳಗೆ ಹಾಕಿದ್ರೆ ಯಾರೂ ನೋಡ್ತಿರ್ಲಿಲ್ಲ."

"ಯಾರನ್ನ? ಅವ್ರನ್ನೋ, ನಿನ್ನ ಬಣ್ಣಾನೋ?"

ಫುಮಿಯೆ ಹೊಸ ಚಿತ್ರ ಬರೆದುಕೊಡುತ್ತೇನೆಂದರು.

"ಬೇಡ. ಇನ್ನೊಬ್ಬರನ್ನ ತಂದು ಕೂರಿಸ್ಬೇಡ. ಸೋಮವಾರ ಬಾ, ಆದ್ರೆ ಪೆನ್ನುಗಳನ್ನ ಮನೇಲಿಟ್ಟು ಬಾ."

ಮುಂದಿನ ಬುಧವಾರ ಪಾಠಕ್ಕೆ ಮುಂಚೆ ಇದನ್ನೆಲ್ಲ ಅವರೇ ನಮಗೆ ಹೇಳಿದರು. ಗೆಳತಿಯ ಸಂತೋಷ ಕೆಡಿಸಲು ಮನಸ್ಸಾಗದೆ ಸುಮ್ಮನಿದ್ದಿರೇನೋ ಎಂದು ನಾನು ಸಮಾಧಾನದ ಮಾತಾಡಿದೆ.

"ಅಷ್ಟು ಒಳ್ಳೇವಳನ್ನಾಗಿ ಮಾಡ್ಬೇಡಿ ನನ್ನ," ಎಂದರು.

ಚಿತ್ರವೀಗ ಬಿಸಿಲು ಬಾರದ ಒಳಕೋಣೆಯಲ್ಲಿದೆ. ಫುಮಿಯೆ ಸೋಮವಾರ ತಪ್ಪಿಸುವುದಿಲ್ಲ. ಸಾವಾಕೊ ಎಂದಿನಂತೆ ಚಹಾ ಕೊಡುತ್ತಾಳೆ, ಅಂಗಡಿಯ ಸುದ್ದಿ ಹೇಳುತ್ತಾಳೆ, ಗೋಡೆಯತ್ತ ಮಾತ್ರ ನೋಡುವುದಿಲ್ಲ. ಆ ವಕ್ರವಾದ ಬಾಯಿಯನ್ನು ನೋಡುತ್ತ ಕೂರುವವರು ಫುಮಿಯೆ ಒಬ್ಬರೇ.